ಮದುವೆಯ ವಯಸ್ಸು: ಸೇಲಂ, ಧರ್ಮಪುರಿಯ ಲೆಕ್ಕ

ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳ ಮದುವೆ ರಾಜ್ಯದ ಉಳಿದ ಅನೇಕ ಕಡೆಗಳಿಗಿಂತ ಬೇಗ ನಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವರ್ಷದ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ತಮಿಳುನಾಡಿನಲ್ಲಿ ಶೇ 12.8, ಈ ಎರಡು ಜಿಲ್ಲೆಗಳು ಆ ಸರಾಸರಿಗಿಂತ ಮೇಲಿವೆ. ಕರ್ನಾಟಕ ಬೆರಳು ತೋರಿಸುವಂತಿಲ್ಲ, ಇಲ್ಲಿಯ ಪ್ರಮಾಣ ಶೇ 21.3. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ತಳಿ, ಡೆಂಕಣಿಕೋಟೆಯ ಕನ್ನಡ ಮನೆಗಳು ಕದಲದೆಯೇ ಮೂರು ಜಿಲ್ಲೆ ಕಂಡಿವೆ.

ವಯಸ್ಸನ್ನು ಕಾನೂನು ನಿಗದಿಮಾಡುತ್ತದೆ ಎಂಬ ನಂಬಿಕೆಗೆ ಇತಿಹಾಸದಲ್ಲಿ ಹೆಚ್ಚಿನ ಆಧಾರವಿಲ್ಲ. ಇಂಗ್ಲೆಂಡಿನಲ್ಲಿ 1929ರವರೆಗೂ ಹುಡುಗಿಗೆ 12, ಹುಡುಗನಿಗೆ 14 ವರ್ಷವಾದರೆ ಮದುವೆ ಸಿಂಧುವಾಗುತ್ತಿತ್ತು. ಆದರೂ 17ನೇ ಶತಮಾನದ ಹಳ್ಳಿಯ ಹೆಣ್ಣು ಮದುವೆಯಾಗುತ್ತಿದ್ದುದು ಸುಮಾರು 25–26ಕ್ಕೆ. ಹೊಸ ಜೋಡಿ ಬೇರೆ ಮನೆ ಹೂಡಬೇಕಿತ್ತು. ಅದಕ್ಕಾಗಿ ಹುಡುಗ ಹುಡುಗಿಯರಿಬ್ಬರೂ ಪರರ ಹೊಲಮನೆಗಳಲ್ಲಿ ವರ್ಷಗಟ್ಟಲೆ ಆಳಾಗಿ ದುಡಿದು ಕಾಸು ಕೂಡಿಸುತ್ತಿದ್ದರು. ಮದುವೆ ತಡವಾದರೆ ಶೀಲ ಕೆಡುತ್ತದೆ ಎನ್ನುವವರಿಗೆ ಅಲ್ಲಿಯ ಚರ್ಚುಗಳ ದಾಖಲೆ ಒಳ್ಳೆಯ ಉತ್ತರ. 17ನೇ ಶತಮಾನದ ನಡುವೆ, ಮದುವೆ ಬಹಳ ತಡವಾಗಿದ್ದಾಗ, ವಿವಾಹಬಾಹಿರ ಜನನಗಳು ತೀರ ಕಡಿಮೆ, ನೂರಕ್ಕೆ ಒಂದೆರಡು. 1800ರ ಹೊತ್ತಿಗೆ ಮದುವೆಯ ವಯಸ್ಸು ಇಳಿಯಿತು, ಅಂಥ ಜನನಗಳು ನೂರಕ್ಕೆ ಐದಾರಕ್ಕೆ ಏರಿದವು.

ಸೇಲಂ ಸೀಮೆಯಲ್ಲಿ ಬೇರೆ ಮನೆ ಹೂಡುವ ಷರತ್ತೇ ಇರಲಿಲ್ಲ. ಸೊಸೆ ಬರುತ್ತಿದ್ದುದು ಅತ್ತೆಯ ಮನೆಗೆ. ಎಷ್ಟೋ ಸಲ ಆ ಅತ್ತೆ ಅವಳ ಅಜ್ಜಿಯೇ. ಅಕ್ಕನ ಮಗಳನ್ನು ಸೋದರಮಾವ ತರುವ ರೂಢಿ ಇಲ್ಲಿಯ ಅನೇಕ ಸಮುದಾಯಗಳಲ್ಲಿದೆ. 1955ರ ಹಿಂದೂ ವಿವಾಹ ಕಾಯ್ದೆ ಈ ಸಂಬಂಧವನ್ನು ನಿಷೇಧಿಸಿಯೂ ರೂಢಿಯಿದ್ದಲ್ಲಿ ಒಪ್ಪುತ್ತದೆ. ಹುಟ್ಟಿದಾಗಲೇ ಗಂಡು ಗೊತ್ತಾದ ಹುಡುಗಿಗೆ ಕಾಯಲು ಕಾರಣವೇ ಇರುವುದಿಲ್ಲ. ಈಗ ಇನ್ನೊಂದು ಭಯ ಸೇರಿದೆ. ತಂದೆತಾಯಿ ಬೆಂಗಳೂರಿಗೋ ತಿರುಪ್ಪೂರಿಗೋ ದುಡಿಯಲು ಹೋದಾಗ ಮಗಳು ಬೇರೆ ಜಾತಿಯವನೊಡನೆ ಓಡಿಹೋದರೆ? 2012ರ ನವೆಂಬರ್‌ನಲ್ಲಿ ಧರ್ಮಪುರಿಯ ನತ್ತಂ ಕಾಲನಿಯಲ್ಲೂ ಪಕ್ಕದ ಕಾಲನಿಗಳಲ್ಲೂ ದಲಿತರ ಮನೆಗಳಿಗೆ ಬೆಂಕಿ ಬಿದ್ದದ್ದು ಒಂದು ಅಂತರ್ಜಾತಿ ಮದುವೆಯ ನೆಪದಲ್ಲಿ.

ಮಗಳ ಮದುವೆಗೆ ಹೀಗೆ ಅವಸರಪಡುವ ಮನೆಗಳ ಮೇಲೆ ಕಾನೂನು ನಿಧಾನವಾಗಿ ಬಂತು. ಇಂಗ್ಲೆಂಡಿನಲ್ಲಿ ಕನಿಷ್ಠ ವಯಸ್ಸು 16ಕ್ಕೆ ಏರಿದ 1929ರಲ್ಲೇ ಹರವಿಲಾಸ ಸಾರದಾ ಮಂಡಿಸಿದ ಮಸೂದೆ ಭಾರತದ ಹುಡುಗಿಗೆ 14 ಎಂದು ಗೊತ್ತುಮಾಡಿತು. 1930ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬರುವ ಮೊದಲು ದೇಶದ ಅನೇಕ ಕಡೆ ಮದುವೆಗಳ ನೂಕುನುಗ್ಗಲೇ ನಡೆಯಿತು. 1949ರಲ್ಲಿ ಮಿತಿ 15ಕ್ಕೆ, 1978ರಲ್ಲಿ 18ಕ್ಕೆ ಏರಿತು. ತಮಿಳುನಾಡು ಹಣದ ದಾರಿಯನ್ನೂ ಹಿಡಿಯಿತು: 1989ರ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಯೋಜನೆ ಓದಿದ ಬಡ ಹುಡುಗಿಯ ಮದುವೆಗೆ ನೆರವು ಕೊಟ್ಟಿತು, 2022ರಲ್ಲಿ ಅದನ್ನು ‘ಪುದುಮೈ ಪೆಣ್’ ಎಂದು ಬದಲಿಸಿ, ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದವಳಿಗೆ ತಿಂಗಳಿಗೆ 1,000 ರೂಪಾಯಿ ಎಂದಾಯಿತು. ಮದುವೆಯ ಬದಲು ಓದಿಗೆ ಹಣ ಕೊಟ್ಟ ಈ ತಿದ್ದುಪಡಿಯೇ ಹೆಚ್ಚು ವಿವೇಕದ್ದು.

ಮಕ್ಕಳ ವಿಷಯದಲ್ಲಿ ಕಾನೂನು ಉದಾರವಾಗಿದೆ. ಬಾಲ್ಯವಿವಾಹ ರದ್ದಾದರೂ ಅದರಲ್ಲಿ ಹುಟ್ಟಿದ ಮಗು ನ್ಯಾಯಬದ್ಧ ಸಂತಾನವೇ ಎನ್ನುತ್ತದೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಆದರೆ ಮದುವೆಯೇ ಸಿಂಧುವೋ ಅಲ್ಲವೋ ಎಂಬುದು ರಾಜ್ಯದ ಗಡಿಯ ಮೇಲೆ ನಿಂತಿದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಆನೇಕಲ್‌ನಲ್ಲಿ ನಡೆದ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಹೊಸೂರಿನಲ್ಲಿ ನಡೆದರೆ ಆ ಹುಡುಗಿ 18 ತುಂಬಿದ ಎರಡು ವರ್ಷದೊಳಗೆ ಕೋರ್ಟಿಗೆ ಅರ್ಜಿ ಹಾಕಿ ರದ್ದುಮಾಡಿಸಿಕೊಳ್ಳಬೇಕು.