ಕಲ್ಲಿನ ಕೊಡಲಿ ಬೇಟೆಗಾರನದೇ?

ಶಿಲಾಯುಗವೆಂದೊಡನೆ ನಮ್ಮ ಕಣ್ಣಮುಂದೆ ಸುಳಿಯುವುದು ಬೇಟೆಯ ಚಿತ್ರ. ಉತ್ತರದ ಹಿಮದ ಕಡಲತೀರಗಳಲ್ಲಿ ಕಲ್ಲಿನ ಅಲಗು ಕಟ್ಟಿದ ಈಟಿಯಿಂದ ಸೀಲ್ ಎಂಬ ಕಡಲ ಪ್ರಾಣಿಯನ್ನು ಹೊಡೆದು, ಅದರ ಮಾಂಸ, ಕೊಬ್ಬು, ತೊಗಲುಗಳನ್ನೇ ನಂಬಿ ಬಾಳಿದ ಜನರ ವೃತ್ತಾಂತವನ್ನು ನಾವು ಓದಿದ್ದೇವೆ. ಅದೇ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಬಳ್ಳಾರಿ ಸೀಮೆಯ ಬೆಟ್ಟಗಳ ತಪ್ಪಲಲ್ಲಿ ದೊರೆಯುವ ನುಣುಪಾದ ಕಲ್ಲಿನ ಕೊಡಲಿಯನ್ನು ಕೈಗೆತ್ತಿಕೊಂಡರೆ, ಇದೂ ಮೃಗವನ್ನು ಕೊಂದ ಆಯುಧವೇ ಇರಬೇಕೆಂದು ತೋರುತ್ತದೆ. ಆದರೆ ಆ ಕಲ್ಲು ಹೇಳುವ ಕಥೆ ಬೇರೆ.

ಬೇಟೆಗಾರರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಬಳ್ಳಾರಿಗೆ ಸಮೀಪದ ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಅಗೆಸಿದಾಗ, ಕೊಡಲಿಗಳಿದ್ದ ಪದರಕ್ಕೂ ಕೆಳಗೆ ಬೆಣಚುಕಲ್ಲಿನ ಸಣ್ಣ ಸಣ್ಣ ಚಕ್ಕೆಗಳು ದೊರೆತವು. ಅವು ಅಲೆಮಾರಿಗಳ ಕಾಲದವು. ನುಣುಪಾದ ಕೊಡಲಿ ಅವರ ಅನಂತರ ಬಂದ ನವಶಿಲಾಯುಗದ ಜನರದು.

ಇದರ ತಯಾರಿಕೆಯನ್ನು ತುಸು ವಿವರವಾಗಿ ನೋಡಬೇಕು. ಸಂಗನಕಲ್ಲಿನ ನೆರೆಯ ಕಪ್ಪಗಲ್ಲಿನಲ್ಲಿ ಹಿರೇಗುಡ್ಡವೆಂಬ ಬೆಟ್ಟವಿದೆ. ಗ್ರಾನೈಟ್ ಬಂಡೆಗಳ ಆ ಬೆಟ್ಟದ ಮೈಮೇಲೆ ಕರಿಯ ಪಟ್ಟಿಯೊಂದು ಹಾದುಹೋಗಿದೆ. ಅದು ಡಾಲರೈಟ್ ಎಂಬ ಕಗ್ಗಲ್ಲು; ಗಡಸು, ಆದರೂ ಹೊಡೆದಂತೆ ಚಕ್ಕೆಯೇಳುವಂಥದು. ಕುಶಲಿಗಳು ಮೊದಲು ಆ ಪಟ್ಟಿಯಿಂದ ತುಂಡನ್ನು ಕಿತ್ತು, ಗುಂಡುಕಲ್ಲಿನಿಂದ ಹೊಡೆದು ಕೊಡಲಿಯ ಆಕಾರಕ್ಕೆ ತರುತ್ತಿದ್ದರು. ಅನಂತರ ಮೈಯನ್ನೆಲ್ಲ ಕುಟ್ಟಿ ಉಬ್ಬುತಗ್ಗುಗಳನ್ನು ಸಮಮಾಡಿ, ಕಡೆಗೆ ಬಂಡೆಯ ಮೇಲೆ ಉಜ್ಜಿ ಉಜ್ಜಿ ಬಾಯಿಗೆ ಹದ ಕೊಡುತ್ತಿದ್ದರು. ಹಾಗೆ ಉಜ್ಜಿದ ಬಂಡೆಗಳಲ್ಲಿ ಬಿದ್ದ ತಗ್ಗುಗಳನ್ನು ಇಂದಿಗೂ ಕೈಯಿಂದ ಸವರಿ ನೋಡಬಹುದು. ಕ್ರಿ.ಪೂ. 1400ರಿಂದ 1200ರ ಸುಮಾರಿಗೆ ಈ ಕೆಲಸ ಇಲ್ಲಿ ಭರದಿಂದ ಸಾಗಿತ್ತು. ಒಂದು ಊರಿನ ಬಳಕೆಗೆ ಇಷ್ಟು ಬೇಕಿಲ್ಲ. ಇದನ್ನು ಕಾರ್ಖಾನೆಯೆಂದು ಕರೆದರೆ ತಪ್ಪಾಗದು.

ಬರಿಯ ಚಕ್ಕೆಯೆಬ್ಬಿಸಿದ ಅಂಚೂ ಹರಿತವೇ. ತೊಗಲು ಸೀಳಲು, ಮಾಂಸ ಕೊಯ್ಯಲು ಅದು ಸಾಕು. ಹಾಗಾದರೆ ಉಜ್ಜುವ ಶ್ರಮವೇಕೆ? ಮತ್ತೆ ಮತ್ತೆ ಮರಕ್ಕೆ ಹಾಕಿದಾಗ ಚಕ್ಕೆಯ ಅಂಚು ಮುಕ್ಕಾಗುತ್ತದೆ, ಉಜ್ಜಿದ ಬಾಯಿ ತಾಳಿಕೊಳ್ಳುತ್ತದೆ. ಅಂದರೆ ಇದು ಮುಖ್ಯವಾಗಿ ಕಾಡು ಕಡಿದವರ, ಗುಡಿಸಲು ಕಟ್ಟಿದವರ, ದೊಡ್ಡಿಗೆ ಬೇಲಿ ಹಾಕಿದವರ ಸಾಧನ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ನಮ್ಮ ಗಾದೆ ನೆನಪಾಗುತ್ತದೆ. ಆ ಕಾವುಗಳೆಲ್ಲ ಮಣ್ಣಾದವು, ಕಲ್ಲು ಮಾತ್ರ ಉಳಿಯಿತು.

ದೊಡ್ಡಿಯ ಮಾತಿಗೆ ಸಾಕ್ಷಿ ಬೇಕಾದರೆ ಹಂಪಿಯ ಕಡೆಗೇ ಹೋಗೋಣ. ವಿಠ್ಠಲ ದೇವಾಲಯದಿಂದ ಅನತಿದೂರದ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬವಿದೆ. ವಾಲಿಯನ್ನು ದಹಿಸಿದ ಸ್ಥಳವೆಂದು ಜನರ ನಂಬಿಕೆ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಸಿಗುವ ಕುಡತಿನಿಯ ಬೂದಿ, ಭೀಮ ಕೊಂದ ಹಿಡಿಂಬನದು. ಕಿಷ್ಕಿಂಧೆಯ ನಾಡಿನಲ್ಲಿ ಬೂದಿಗೆ ಇಂತಹ ಒಡೆಯರು ದೊರೆತದ್ದು ಸಹಜವೇ. ಆದರೆ ಕಳೆದ ಶತಮಾನದಲ್ಲಿ ಆಲ್ಚಿನ್, ತ್ಸಾಯ್ನರ್ ಮೊದಲಾದ ವಿದ್ವಾಂಸರು ಇಂಥ ದಿಬ್ಬಗಳನ್ನು ಅಗೆದು, ಪರೀಕ್ಷಿಸಿ, ಇವು ದನದ ಸಗಣಿ ರಾಶಿಗೊಂಡು ಉರಿದ ಬೂದಿಯೆಂದು ತೋರಿಸಿದರು. ಕಲ್ಲಿನ ಕೊಡಲಿ ಹಿಡಿದವರು ದನಗಾಹಿಗಳು. ಹಿರೇಗುಡ್ಡದ ಬಂಡೆಗಳಲ್ಲಿ ಅವರು ಕುಟ್ಟಿ ಮೂಡಿಸಿದ ಚಿತ್ರಗಳಲ್ಲೂ ಗೂಳಿಗಳೇ ಹೆಚ್ಚು. ಸಂಗನಕಲ್ಲಿನ ಮಣ್ಣಿನಲ್ಲಿ ಹುರುಳಿ, ಹೆಸರು, ಕೊರಲೆಗಳ ಕರಿದ ಕಾಳುಗಳೂ ಸಿಕ್ಕಿವೆ. ಬೇಟೆ ಇತ್ತು, ಆದರೆ ಹೊಟ್ಟೆ ತುಂಬಿಸಿದ್ದು ಹಟ್ಟಿ ಮತ್ತು ಹೊಲ.

ಈ ನೆಲೆಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವರಲ್ಲಿ ಮುಖ್ಯನಾದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದವನೂ ಅವನೇ. ಸಂಡೂರಿನ ಬೆಟ್ಟಗಳ ಅದಿರನ್ನು ಅಳೆಯುವ ಕಣ್ಣಿಗೆ ದಾರಿಬದಿಯ ಕಲ್ಲಚಕ್ಕೆಯೂ ಕಂಡಿತೆಂಬುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ. ಬಳ್ಳಾರಿಯಲ್ಲಿ ಈಗ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ. ಕೊಡಲಿಗಳನ್ನು ಅಲ್ಲಿ ನೋಡಬಹುದು. ಬೆಟ್ಟವನ್ನು ಮಾತ್ರ ಅಲ್ಲಿಗೆ ಒಯ್ಯಲಾಗದು. ಕಲ್ಲುಗಣಿಗಾರಿಕೆ ಕಪ್ಪಗಲ್ಲಿನ ಚಿತ್ರಗಳಿಗೂ ನೆಲೆಗಳಿಗೂ ಕುತ್ತು ತಂದಿದೆ. ಬಡಿದರೆ ಜಾಗಟೆಯಂತೆ ನುಡಿಯುವ ಬಂಡೆಗಳೂ ಅಲ್ಲಿಯೇ ಇವೆ. ಅವುಗಳ ಮೇಲಿನ ಗುಳಿಗಳು ಮನುಷ್ಯರು ಬಡಿದು ಬಡಿದು ಆದವು. ಜಲ್ಲಿಯಾದ ಮೇಲೆ ಆ ಕಲ್ಲು ನುಡಿಯುವುದಿಲ್ಲ.