ಗಾಳ ಕೊಳ್ಳೋ ಮುಂಚೆ ನೀರು ನೋಡ್ರಿ

ಹೆಸರಿನಲ್ಲಿ ಹಡಗು ಇದೆ, ಊರಿಗೆ ಕಡಲಿಲ್ಲ. ಇದು ನಮ್ಮ ಹೂವಿನಹಡಗಲಿಯ ಸಂಗತಿ. ಹಿಂದೆ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಈ ಹೆಸರು ಬಂತು ಅಂತ ಹಿರಿಯರು ಹೇಳುತ್ತಾರೆ. ಹಡಗು ಹೋಯಿತು. ಮಲ್ಲಿಗೆ ಉಳಿಯಿತು, ಹೊಳೆ ಉಳಿಯಿತು. ಆ ಹೊಳೆಯ ದಂಡೆಯಲ್ಲಿ ಭಾನುವಾರ ಬಂತೆಂದರೆ ಗಾಳ ಹಿಡಿದು ಕೂತವರು ಕಾಣುತ್ತಾರೆ. ಕೊರ್ಲಹಳ್ಳಿ ಸೇತುವೆ, ಮದಲಗಟ್ಟಿ, ರಾಜವಾಳ, ಆ ಕಡೆ ಮೈಲಾರ, ಕುರುವತ್ತಿ. ಇವರಲ್ಲಿ ಮೀನು ಮಾರಿ ಹೊಟ್ಟೆ ಹೊರೆಯುವವರು ಬೇರೆ, ವಾರವೆಲ್ಲ ಅಂಗಡಿ-ಆಫೀಸು ಮಾಡಿ ಒಂದು ದಿನ ಖುಷಿಗೆ ಬರುವವರು ಬೇರೆ. ಇವತ್ತಿನ ಮಾತು ಈ ಖುಷಿಯವರದು.

ಖುಷಿ ತಪ್ಪಲ್ಲ. ಆದರೆ ಖುಷಿಗೆ ಹಾಕೋ ದುಡ್ಡು ನೀರಿಗೆ ಹೋಗಬಾರದಲ್ಲ! ಹೊಳೆ ದಂಡೆಯಲ್ಲಿ ಈ ವರದಿಗಾರನ ಕಿವಿಗೆ ಬಿದ್ದ ಮಾತು ಕೇಳಿ. ಹೊಳೆಯುವ ದೊಡ್ಡ ರೀಲು, ಆಳೆತ್ತರ ಮೀರಿದ ಕೋಲು ಹಿಡಿದ ಹುಡುಗನಿಗೆ ಹರಿಗೋಲಿನ ಮುದುಕರು ಕೇಳಿದರು:

"ಎಷ್ಟಕ್ಕ ಬಂತು ತಮ್ಮಾ ಇದು?"

"ಮೂರೂವರೆ ಸಾವಿರ ಕಾಕಾ. ಮೊಬೈಲ್‌ನ್ಯಾಗ ತರಿಸೀನಿ."

"ಕಡಲಿನ ಗಾಳ ಅಲ್ಲೇನಪ ಇದು? ನಮ್ಮ ಹೊಳ್ಯಾಗಿನ ಜಿಲೇಬಿ ಮೀನು ಕಚ್ಚಿದ್ದು ನಿನ್ನ ಕೈಗೆ ಗೊತ್ತ ಆಗಂಗಿಲ್ಲ."

ಮುದುಕರು ನಕ್ಕು ಹೋದರು. ಆದರೆ ಅಂದಿದ್ದು ನೂರಕ್ಕೆ ನೂರು ನಿಜ. ಗಾಳ ದುಬಾರಿ ಆಗಬೇಕಿಲ್ಲ, ನೀರಿಗೆ ತಕ್ಕದ್ದಾಗಬೇಕು. ಹೊಳೆಯ ಗಾಳ ಕಡಲಿಗೆ ತಡೆಯುವುದಿಲ್ಲ, ಕಡಲಿನ ಗಾಳ ಹೊಳೆಗೆ ಒಗ್ಗುವುದಿಲ್ಲ.

ಮೂರು ಪ್ರಶ್ನೆ

ಕೊಳ್ಳುವ ಮುಂಚೆ ಮೂರೇ ಪ್ರಶ್ನೆ ಕೇಳಿಕೊಳ್ಳಿ. ಯಾವ ನೀರು? ಯಾವ ಮೀನು? ಎಷ್ಟು ತೂಕ?

ನಮ್ಮ ಹೊಳೆ ವರ್ಷಪೂರ್ತಿ ಒಂದೇ ಥರ ಇರೋದಿಲ್ಲ. 1953ರಲ್ಲಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಹಿನ್ನೀರು ನಮ್ಮ ತಾಲ್ಲೂಕಿನವರೆಗೂ ಬಂತು. ಜಲಾಶಯ 1633 ಅಡಿ ತುಂಬಿದಾಗ ನೀರು ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ದನ ಮೇಯುತ್ತವೆ. ಮಳೆಗಾಲದಲ್ಲಿ ಕೆಂಪು ನೀರು, ಸೆಳೆತ ಜೋರು. ಚಳಿಗಾಲದಲ್ಲಿ ತಿಳಿನೀರು. ಕೆಂಪು ನೀರಿಗೆ ಭಾರದ ಸೀಸ ಬೇಕು, ವಾಸನೆಯ ಎರೆ ಬೇಕು. ತಿಳಿನೀರಿಗೆ ಸಣ್ಣ ದಾರ, ಹಗುರ ಬೆಂಡು, ಸದ್ದಿಲ್ಲದೆ ಕೂರುವ ತಾಳ್ಮೆ ಬೇಕು.

ಕೋಲಿನ ಕತೆ

ದಂಡೆಯಲ್ಲಿ ಕೂತು ಸಣ್ಣ ಮೀನು ಹಿಡಿಯಲಿಕ್ಕೆ ಹತ್ತಡಿ ಬಿದಿರು ಸಾಕು. ಜೋಳದ ದಂಟಿನ ಬೆಂಡು, ಒಂದು ಸೀಸದ ಗುಂಡು, ಕೊಕ್ಕೆ, ದಾರ, ಎಲ್ಲ ಸೇರಿದರೂ ಖಾನಾವಳಿಯ ಒಂದು ಹೊತ್ತಿನ ಊಟದ ದುಡ್ಡು. ಹೊಸಬರು ಇದರಲ್ಲೇ ಕೈ ಪಳಗಿಸಿಕೊಳ್ಳಬೇಕು. ಬೆಂಡು ಮುಳುಗೋದು ನೋಡಿ ಕೈ ಎತ್ತೋದು ಕಲಿತವನಿಗೆ ರೀಲು ಕಲಿಯೋದು ಎರಡು ದಿನದ ಕೆಲಸ.

ದೂರ ಎಸೆಯಬೇಕು, ದೊಡ್ಡ ರೋಹು, ಕಾಟ್ಲಾ ಬೇಕು ಅನ್ನುವವರು ಏಳೆಂಟು ಅಡಿಯ ಫೈಬರ್ ಕೋಲು, ಮಧ್ಯಮ ಅಳತೆಯ ರೀಲು ನೋಡಿ. ಫೈಬರ್ ಗ್ಲಾಸ್ ಸ್ವಲ್ಪ ಭಾರ, ಆದರೆ ಬಿದ್ದರೂ ಎದ್ದರೂ ತಡೆಯುತ್ತದೆ. ಕಾರ್ಬನ್ ಕೋಲು ಹಗುರ, ಕೈಗೆ ಹಿತ, ಕಲ್ಲಿಗೆ ತಾಗಿದರೆ ಮುರಿಯುವ ಜಾತಿ.

ಇನ್ನೊಂದು ಮಾತು, ಇದನ್ನ ಅಂಗಡಿಯವರು ಹೇಳೋದು ಕಡಿಮೆ. ಕಾರ್ಬನ್ ಕೋಲಿನಲ್ಲಿ ಕರೆಂಟು ಹರಿಯುತ್ತದೆ! ನಮ್ಮ ಹೊಳೆ ದಂಡೆಯಲ್ಲಿ ಪಂಪ್‌ಸೆಟ್ಟಿನ ತಂತಿ ಎಲ್ಲೆಲ್ಲಿ ಜೋತಾಡುತ್ತವೆ ಅಂತ ನಿಮಗೇ ಗೊತ್ತು. ತಂತಿಯ ಕೆಳಗೆ ನಿಂತು ಯಾವ ಕೋಲನ್ನೂ ಬೀಸಬೇಡಿ. ಒದ್ದೆಯಾದ ಬಿದಿರೂ ನಂಬಿಗಸ್ತ ಅಲ್ಲ. ಗುಡುಗು ಕೇಳಿದರೆ ಕೋಲು ಮಡಚಿ ಮನೆಗೆ ಬನ್ನಿ.

ಬಸ್ಸಿನಲ್ಲಿ ಹೋಗುವವರಿಗೆ ಮಡಚುವ ಕೋಲೇ ಒಳ್ಳೆಯದು. ಕೊಕ್ಕೆಗಳನ್ನ ತಗಡಿನ ಡಬ್ಬಿಯಲ್ಲಿ ಮುಚ್ಚಿ ಇಡಿ. ಪಕ್ಕದ ಸೀಟಿನ ತಾಯಿಯ ಸೀರೆಗೆ ಕೊಕ್ಕೆ ಸಿಕ್ಕರೆ ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾದವರು ನೀವೇ.

ದಾರ ಮತ್ತು ಕೊಕ್ಕೆಯ ಲೆಕ್ಕ

ಕೊಕ್ಕೆಯ ನಂಬರು ಹೊಸಬರಿಗೆ ತಲೆಕೆಳಗು. ನಂಬರು ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು. 10 ನಂಬರು ಚಿಕ್ಕದು, 4 ದೊಡ್ಡದು, 1 ಇನ್ನೂ ದೊಡ್ಡದು. ಅಲ್ಲಿಂದ ಮುಂದೆ ಲೆಕ್ಕ ತಿರುಗುತ್ತದೆ. 1/0, 2/0, 3/0 ಅಂತ ಏರಿದ ಹಾಗೆ ಕೊಕ್ಕೆಯೂ ದೊಡ್ಡದಾಗುತ್ತದೆ. ಜಿಲೇಬಿ ಮೀನಿಗೆ 8 ಅಥವಾ 10, ರೋಹುವಿಗೆ 4 ಅಥವಾ 2, ಬಾಳೆ ಮೀನಿನಂಥ ದೊಡ್ಡ ಬಾಯಿಗೆ 3/0. ಮೀನಿನ ದೇಹ ನೋಡಿ ಕೊಕ್ಕೆ ಆರಿಸಬಾರದು, ಬಾಯಿ ನೋಡಿ ಆರಿಸಬೇಕು.

ನೈಲಾನ್ ದಾರದಲ್ಲಿ 0.25 ಮಿಲಿಮೀಟರಿನದು ಹೆಚ್ಚು ಕಡಿಮೆ ನಾಲ್ಕು ಕಿಲೋ ತಡೆಯುತ್ತದೆ, 0.35ರದು ಏಳು ಕಿಲೋ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ನಮ್ಮ ಹೊಳೆಗೆ ಇವೆರಡೇ ಸಾಕು. ದಪ್ಪ ದಾರ ಹಾಕಿದರೆ ಮೀನು ಜಾಸ್ತಿ ಸಿಗುತ್ತೆ ಅನ್ನೋದು ಭ್ರಮೆ. ತಿಳಿನೀರಿನಲ್ಲಿ ಮೀನಿಗೂ ಕಣ್ಣಿದೆ. ಬಿಸಿಲಿಗೆ ಬಿದ್ದ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಅಂಗಡಿಯ ಮುಂದೆ ಬಿಸಿಲಿಗೆ ನೇತುಹಾಕಿದ ಉಂಡೆ ಬೇಡ, ಒಳಗಿಟ್ಟದ್ದು ಕೇಳಿ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ಗಂಟು ಎಳೆದರೆ ಉಜ್ಜಿ ಕಾದು ದಾರ ಅಲ್ಲೇ ಸವೆಯುತ್ತದೆ. ದೊಡ್ಡ ಮೀನು ತಪ್ಪಿಸಿಕೊಂಡಾಗ ದಾರದ ತುದಿ ನೋಡಿ. ಹರಿದಿರೋದು ಬಹಳ ಸಲ ಗಂಟಿನಲ್ಲೇ.

ಅಂಗಡಿಯವರಿಗೆ ಒಂದು ಉಪಾಯ

ರೀಲಿನ ಮೇಲೆ ಒಂದು ತಿರುಪು ಇರುತ್ತದೆ, ಡ್ರ್ಯಾಗ್ ಅಂತಾರೆ. ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ತಾನಾಗಿ ಬಿಟ್ಟುಕೊಡುವ ವ್ಯವಸ್ಥೆ ಅದು. ಬಹಳ ಮಂದಿ ಅದನ್ನ ಪೂರಾ ಬಿಗಿದು ಕೂರುತ್ತಾರೆ, ಆಮೇಲೆ "ಹತ್ತು ಕಿಲೋ ಮೀನು ಹೋತ್ರೀ" ಅಂತ ಚಾ ಅಂಗಡಿಯಲ್ಲಿ ಅಳುತ್ತಾರೆ.

ಲೆಕ್ಕ ಸುಲಭ. ದಾರ ತಡೆಯುವ ತೂಕದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಿಗಿಯಬಾರದು. ಏಳು ಕಿಲೋ ದಾರಕ್ಕೆ ಎರಡು ಕಿಲೋ ಬಿಗಿ ಸಾಕು. ಅಳೆಯೋದು ಹೇಗೆ? ಅಂಗಡಿಯ ಸ್ಪ್ರಿಂಗ್ ತಕ್ಕಡಿಯ ಕೊಂಡಿಗೆ ದಾರ ಕಟ್ಟಿ, ಕೋಲು ಬಾಗಿಸಿ ಎಳೆಯಿರಿ. ಮುಳ್ಳು ಎರಡಕ್ಕೆ ಬಂದಾಗ ರೀಲು ದಾರ ಬಿಡಬೇಕು. ಬಿಡದಿದ್ದರೆ ತಿರುಪು ಸಡಿಲಿಸಿ. ಗಾಳದ ಸಾಮಾನು ಮಾರುವ ಅಂಗಡಿಯವರು ಗಿರಾಕಿಯ ಮುಂದೆ ಇದೊಂದು ಮಾಡಿ ತೋರಿಸಲಿ, ಆ ಗಿರಾಕಿ ಮತ್ತೆ ಬೇರೆ ಕಡೆ ಹೋಗೋದಿಲ್ಲ.

ಕಡಲಿಗೆ ಹೋಗುವವರಿಗೆ

ರಜೆ ಬಂತೆಂದರೆ ನಮ್ಮವರು ಘಟ್ಟ ಇಳಿಯುತ್ತಾರೆ. ಗೋಕರ್ಣ, ಹೊನ್ನಾವರ, ಮುರ್ಡೇಶ್ವರ, ಕಾರವಾರ. ಗಾಳವೂ ಜೊತೆಗೆ ಹೋಗುತ್ತದೆ. ಅಲ್ಲಿ ಶಾಸ್ತ್ರವೇ ಬೇರೆ.

ಮರಳ ದಂಡೆಯಿಂದ ಅಲೆ ದಾಟಿಸಿ ಎಸೆಯಬೇಕಾದರೆ ಹತ್ತರಿಂದ ಹನ್ನೆರಡು ಅಡಿ ಕೋಲು ಬೇಕು, ಹೆಚ್ಚು ದಾರ ಹಿಡಿಯುವ ದೊಡ್ಡ ರೀಲು ಬೇಕು. ಗುಂಡನೆಯ ಸೀಸ ಅಲೆಯ ಜೊತೆ ಉರುಳುತ್ತದೆ, ಗೋಪುರದ ಆಕಾರದ ಸೀಸ ಮರಳಲ್ಲಿ ಕಚ್ಚಿ ನಿಲ್ಲುತ್ತದೆ. ಎರೆಗೆ ಸೀಗಡಿ ಚೂರು. ಕಾಣೆ ಮೀನಿಗೆ ಸಣ್ಣ ಕೊಕ್ಕೆಯೇ ಸಾಕು. ಅಳಿವೆ ಬಾಗಿಲಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆ, ಏಳಡಿ ಕೋಲೂ ನಡೆಯುತ್ತದೆ.

ಉಪ್ಪುನೀರು ಕಬ್ಬಿಣದ ಶತ್ರು. ಹೊಳೆಯ ಅಗ್ಗದ ರೀಲನ್ನು ಕಡಲಿಗೆ ಒಯ್ದು ಹಾಗೇ ಚೀಲಕ್ಕೆ ಹಾಕಿದರೆ ಊರಿಗೆ ಬರುವಷ್ಟರಲ್ಲಿ ತುಕ್ಕು ಹಿಡಿಯಲು ಶುರು. ಅದೇ ಸಂಜೆ ಸಿಹಿನೀರು ಚಿಮುಕಿಸಿ ತೊಳೆಯಿರಿ. ಜೋರು ನಲ್ಲಿಗೆ ಹಿಡಿಯಬೇಡಿ, ಉಪ್ಪು ಒಳಗೆ ಹೋಗುತ್ತದೆ. ನೆರಳಲ್ಲಿ ಒಣಗಿಸಿ, ಒಂದು ಹನಿ ಎಣ್ಣೆ ಬಿಡಿ. ಕೋಲಿನ ಉಂಗುರಗಳನ್ನೂ ಒರೆಸಿ.

ಉಬ್ಬರ-ಇಳಿತದ ಲೆಕ್ಕ ನಮ್ಮ ಕಡೆಯವರಿಗೆ ಹೊಸದು. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಹೊತ್ತು ಮುಕ್ಕಾಲು ಗಂಟೆ ಚಿಲ್ಲರೆ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಜುಬಾಜು ಉಬ್ಬರ ಜೋರು. ಇಳಿತದಲ್ಲಿ ನಡೆದುಕೊಂಡು ಹೋಗಿ ಕೂತ ಬಂಡೆಗೆ ಉಬ್ಬರದಲ್ಲಿ ದಾರಿ ಇರೋದಿಲ್ಲ. ಬಂಡೆ ಒದ್ದೆ ಇದೆ ಅಂದರೆ ಅಲ್ಲಿಗೆ ಅಲೆ ಬಂದು ಹೋಗಿದೆ, ಮತ್ತೆ ಬರುತ್ತದೆ ಅಂತ ಅರ್ಥ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ನಾವು ಬಯಲುಸೀಮೆಯವರು, ಹೊಳೆಯ ಈಜು ಬಲ್ಲವರೂ ಕಡಲನ್ನು ಬಲ್ಲವರಲ್ಲ. ಮೊದಲು ಅಲ್ಲಿನ ಮೀನುಗಾರ ಅಣ್ಣನನ್ನ ಕೇಳಿ, ಆಮೇಲೆ ಗಾಳ ಬಿಚ್ಚಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧ ಇರುತ್ತದೆ. ಆ ಎರಡು ತಿಂಗಳು ಬಂಡೆ ಗಾಳದ ಆಸೆ ಬಿಡಿ.

ಕೈಗೆ ಕೊಕ್ಕೆ ಸಿಕ್ಕರೆ

ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ತಿರುಗಿದ ಸಣ್ಣ ಮುಳ್ಳು ಇದೆ. ಅದು ಚರ್ಮದೊಳಗೆ ಹೊಕ್ಕರೆ ಕಿತ್ತು ಎಳೆಯಬೇಡಿ. ದಾರ ಕತ್ತರಿಸಿ, ಕೊಕ್ಕೆ ಅಲುಗದಂತೆ ಬಟ್ಟೆ ಸುತ್ತಿ ಸರ್ಕಾರಿ ಆಸ್ಪತ್ರೆಗೆ ಹೋಗಿ, ಧನುರ್ವಾಯು ಸೂಜಿ ಹಾಕಿಸಿ. ಹೊಸಬರು ಇಕ್ಕಳದಿಂದ ಆ ಮುಳ್ಳನ್ನು ಒತ್ತಿ ಮಡಚಿಬಿಟ್ಟರೆ ಕೈಗೂ ಕ್ಷೇಮ, ಬೇಡವಾದ ಮರಿಮೀನನ್ನು ಜೀವಂತ ಬಿಡಲಿಕ್ಕೂ ಅನುಕೂಲ. ಚೇಳುಮೀನು ಸಿಕ್ಕರೆ ಬರಿಗೈಲಿ ಮುಟ್ಟಬೇಡಿ. ಅದರ ರೆಕ್ಕೆಯ ಮುಳ್ಳಿನಲ್ಲಿ ವಿಷ ಇದೆ.

ಹೊಳೆ ಯಾರದು?

ಕೊನೆಗೆ ದೊಡ್ಡ ಮಾತು. ನಮಗೆ ಭಾನುವಾರದ ಖುಷಿ, ಅಂಬಿಗರಿಗೆ, ಗಂಗಾಮತದವರಿಗೆ ವಾರದ ಏಳೂ ದಿನದ ಅನ್ನ. ಅಣೆಕಟ್ಟೆಯ ಹಿನ್ನೀರು ತುಂಗಭದ್ರಾ ಮಂಡಳಿಗೆ ಸೇರಿದ್ದು. ಕೆರೆಗಳನ್ನು ಸಂಘಗಳಿಗೆ, ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ. ಮೀನುಮರಿ ಬಿಟ್ಟವರ ಕೆರೆಗೆ ಕೇಳದೆ ಗಾಳ ಹಾಕಿದರೆ ಅದಕ್ಕೆ ಹವ್ಯಾಸ ಅನ್ನೋದಿಲ್ಲ, ಬೇರೆ ಹೆಸರಿದೆ. ಹೊಳೆಗೆ ಹೋಗುವ ಮುಂಚೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಅವರು ಕಟ್ಟಿದ ಬಲೆಯ ಹತ್ತಿರ ಗಾಳ ಎಸೆಯಬೇಡಿ. ನಿಮ್ಮ ಒಂದು ಕೊಕ್ಕೆ ಅವರ ನೂರು ಕಣ್ಣು ಹರಿಯುತ್ತದೆ.

ಮಳೆಗಾಲ ರೋಹು, ಕಾಟ್ಲಾ ಮೊಟ್ಟೆ ಇಡುವ ಕಾಲ. ಹೊಟ್ಟೆ ಉಬ್ಬಿದ ಮೀನು ಸಿಕ್ಕರೆ ಬಿಟ್ಟುಬಿಡಿ, ಮುಂದಿನ ವರ್ಷ ಸಾವಿರವಾಗಿ ಬರುತ್ತದೆ. ಕಾವೇರಿಯ ದೊಡ್ಡ ಮಹಶೀರ್ ಮೀನಿನ ಗತಿ ನೋಡಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಜೆನ್ ಎಂಬುವರ ಗಾಳಕ್ಕೆ 120 ಪೌಂಡಿನ ಮಹಶೀರ್ ಬಿದ್ದಿತ್ತು. ಇವತ್ತು ಆ ಮೀನಿನ ಜಾತಿಯೇ ಅಳಿವಿನ ಅಂಚಿಗೆ ಬಂದಿದೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದು 1897ರ ಕಾಯಿದೆಯಿಂದಲೇ ಅಪರಾಧ. ಆದರೂ ಮಾಡುವವರಿದ್ದಾರೆ. ಕಂಡರೆ ಪೊಲೀಸರಿಗೆ ತಿಳಿಸಿ.

ಹರಿದ ದಾರವನ್ನು ದಂಡೆಯಲ್ಲಿ ಬಿಡಬೇಡಿ. ನೈಲಾನ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೊಳೆಯೋದಿಲ್ಲ. ಬೆಳ್ಳಕ್ಕಿಯ ಕಾಲಿಗೆ, ನೀರುನಾಯಿಯ ಕುತ್ತಿಗೆಗೆ ಅದೇ ಉರುಲು. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಮೀಸಲು ಮಾಡಿದ್ದಾರೆ. ಆ ಕಡೆ ಗಾಳದ ಆಸೆಯೇ ಬೇಡ. ಇನ್ನು ಮುರಿದ ಕೊಕ್ಕೆ! ಮದಲಗಟ್ಟಿಯಲ್ಲಿ ಆಂಜನೇಯನ ಭಕ್ತರು, ಮೈಲಾರದ ಕಾರಣಿಕಕ್ಕೆ ಬಂದ ಸಾವಿರಾರು ಜನ ಬರಿಗಾಲಲ್ಲಿ ಹೊಳೆಗೆ ಇಳಿಯುತ್ತಾರೆ. ಮಕ್ಕಳು ಮುಳುಗಿ ಏಳುತ್ತಾರೆ. ಸ್ನಾನಘಟ್ಟದಲ್ಲಿ ಗಾಳ ಹಾಕೋದೇ ಬೇಡ.

ನೀರು ಬಿಡುವ ಹೊತ್ತಿನ ಎಚ್ಚರವೂ ಇರಲಿ. ಹಮ್ಮಿಗಿ ಬ್ಯಾರೇಜಿನ ಗೇಟು ಎತ್ತಿದಾಗ, ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ನಡುಗಡ್ಡೆಯ ಬಂಡೆ ಮೇಲೆ ಕೂತವನಿಗೆ ತಿಳಿಯುವಷ್ಟರಲ್ಲಿ ಸುತ್ತ ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟೇ ಕೊಚ್ಚಿಹೋದದ್ದು ಯಾರೂ ಮರೆತಿಲ್ಲ. ಡಂಗುರ ಸಾರಿದ ದಿನ, ಮೈಕಿನಲ್ಲಿ ಕೂಗಿದ ದಿನ ಹೊಳೆ ಕಡೆ ಕಾಲಿಡಬೇಡಿ.

ಪಂಚಾಯಿತಿಯವರಲ್ಲಿ ಒಂದು ಬೇಡಿಕೆ. ಜನ ಗಾಳ ಹಾಕುವ ಜಾಗಗಳಲ್ಲಿ ಆಳ, ಸೆಳೆತ, ತಂತಿ ಇವನ್ನ ತಿಳಿಸುವ ಒಂದು ಬೋರ್ಡು ಇಲ್ಲದಿದ್ದರೆ ಹಾಕಿಸಿ, ದಾರ-ಕೊಕ್ಕೆ ಹಾಕಲು ಒಂದು ಮುಚ್ಚಳದ ಡಬ್ಬಿ ಇಡಿಸಿ. ದೊಡ್ಡ ಖರ್ಚೇನೂ ಅಲ್ಲ. ಅಂಗಡಿಯವರಲ್ಲಿ ಇನ್ನೊಂದು. ಗಿರಾಕಿ ಬಂದು "ಒಳ್ಳೇ ಗಾಳ ಕೊಡ್ರೀ" ಅಂದರೆ ರೇಟು ಹೇಳುವ ಮುಂಚೆ "ಯಾವ ನೀರಿಗ್ರೀ?" ಅಂತ ಕೇಳಿ.