ಸದ್ದಿಗೆ ಸೋತ ಕಿವಿಗೆ ಆಮ್ಲಜನಕ ಆಸರೆಯಾದೀತೆ?

ಕಿವಿಯ ಸಮೀಪದಲ್ಲೇ ಪಟಾಕಿ ಸಿಡಿದಾಗ, ಬಂದೂಕಿನಿಂದ ಗುಂಡು ಹಾರಿದಾಗ ಅಥವಾ ಧ್ವನಿವರ್ಧಕದ ಎದುರು ಗಂಟೆಗಟ್ಟಲೆ ನಿಂತಾಗ ಕಿವಿ ಮಂದವಾಗುತ್ತದೆ, ಒಳಗೆ 'ಗುಂಯ್' ಎಂಬ ಮೊರೆತ ಕೇಳಿಸುತ್ತದೆ. ನಾಳೆ ಸರಿಹೋದೀತೆಂದು ಬಹುತೇಕರು ಸುಮ್ಮನಿರುತ್ತಾರೆ. ಅನೇಕ ಬಾರಿ ಅದು ಸರಿಹೋಗುವುದೂ ಉಂಟು. ಸರಿಹೋಗದವರ ಮುಂದೆ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿರುವ ಹೆಸರು ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ, ಅರ್ಥಾತ್ ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೆ? ಯಾರಿಗೆ, ಯಾವಾಗ?

ಹಾನಿ ಎಲ್ಲಿ?

ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಒಳಕಿವಿಯ ಕಾಕ್ಲಿಯಾದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಸಂಕೇತವಾಗಿ ಪರಿವರ್ತಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಭಾರಿ ಸದ್ದು ಬಿದ್ದಾಗ ಈ ಕೋಶಗಳು ಅತಿಯಾಗಿ ದುಡಿಯಬೇಕಾಗುತ್ತದೆ, ಹೀಗಾಗಿ ಆಮ್ಲಜನಕದ ಅಗತ್ಯ ಹೆಚ್ಚುತ್ತದೆ. ಆದರೆ ಅದೇ ಹೊತ್ತಿನಲ್ಲಿ ಒಳಕಿವಿಯ ರಕ್ತಸಂಚಾರ ಕುಗ್ಗುತ್ತದೆ. ಈ ಭಾಗಕ್ಕೆ ರಕ್ತ ಒದಗಿಸುವುದು ಒಂದೇ ಅಪಧಮನಿಯಾದ್ದರಿಂದ ಬೇರೆ ದಾರಿಯಿಂದ ನೆರವು ಬರುವುದಿಲ್ಲ. ಉಸಿರುಕಟ್ಟಿದ ಕೋಶಗಳು ಕ್ರಮೇಣ ಸಾಯುತ್ತವೆ.

ಚಿಕಿತ್ಸೆಯ ಬಗೆ

ಈ ಕೊರತೆಯನ್ನು ಹೊರಗಿನಿಂದ ತುಂಬುವುದೇ ಚಿಕಿತ್ಸೆಯ ಉದ್ದೇಶ. ರೋಗಿಯನ್ನು ಮುಚ್ಚಿದ ಕೋಣೆಯಲ್ಲಿರಿಸಿ, ಒತ್ತಡವನ್ನು ಸಾಧಾರಣ ವಾಯುಮಂಡಲದ 2ರಿಂದ 2.5 ಪಟ್ಟಿಗೆ ಏರಿಸಿ, ಶುದ್ಧ ಆಮ್ಲಜನಕವನ್ನು ಉಸಿರಾಡಿಸಲಾಗುತ್ತದೆ. ಒಂದು ಬಾರಿಗೆ ಒಂದೂವರೆ ಗಂಟೆಯಂತೆ 10ರಿಂದ 20 ದಿನ ಇದು ನಡೆಯುತ್ತದೆ. ಸಾಮಾನ್ಯವಾಗಿ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ರಕ್ತದ ದ್ರವಾಂಶದಲ್ಲಿ ಕರಗಿರುವುದು 100 ಮಿಲಿಲೀಟರಿಗೆ ಕೇವಲ 0.3 ಮಿಲಿಲೀಟರ್. ಒತ್ತಡವನ್ನು ಮೂರು ಪಟ್ಟಿಗೆ ಏರಿಸಿ ಶುದ್ಧ ಆಮ್ಲಜನಕ ನೀಡಿದರೆ ಈ ಪ್ರಮಾಣ ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ಹೀಗೆ ಕರಗಿದ ಆಮ್ಲಜನಕವು ರಕ್ತಸಂಚಾರ ಕುಂಠಿತವಾದ ಅಂಗಾಂಶವನ್ನೂ ತಲುಪಬಲ್ಲದು.

ಪುರಾವೆ ಏನು ಹೇಳುತ್ತದೆ?

ತರ್ಕ ಸೊಗಸಾಗಿದ್ದರೂ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಗುಂಡಿನ ಸದ್ದಿನಿಂದ ಕಿವಿ ಕೆಟ್ಟ ಸೈನಿಕರ ಮೇಲೆ ಯೂರೋಪಿನ ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಸ್ಟೀರಾಯ್ಡ್ ಜೊತೆಗೆ ಆಮ್ಲಜನಕವನ್ನೂ ಪಡೆದವರು ಹೆಚ್ಚು ಚೇತರಿಸಿಕೊಂಡರೆಂದು ಕೆಲವು ವರದಿಗಳು ತಿಳಿಸುತ್ತವೆ. ಆದರೆ ಇಂತಹ ಗಾಯ ಎಷ್ಟೋ ಜನರಲ್ಲಿ ತಾನಾಗಿಯೇ ಮಾಯುವುದರಿಂದ, ಗುಣವಾದದ್ದು ಚಿಕಿತ್ಸೆಯಿಂದಲೋ ಕಾಲದಿಂದಲೋ ಎಂದು ಬೇರ್ಪಡಿಸುವುದು ಕಷ್ಟ.

ಇದಕ್ಕಿಂತ ಹೆಚ್ಚಿನ ಪುರಾವೆಯಿರುವುದು ಕಾರಣ ತಿಳಿಯದ ಹಠಾತ್ ಕಿವುಡಿನ ವಿಷಯದಲ್ಲಿ. ಅಮೆರಿಕದ ಅಂಡರ್‌ಸೀ ಆಂಡ್ ಹೈಪರ್‌ಬೇರಿಕ್ ಮೆಡಿಕಲ್ ಸೊಸೈಟಿ 2011ರಲ್ಲಿ ಅದನ್ನು ಈ ಚಿಕಿತ್ಸೆಗೆ ಅರ್ಹವಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯ 2019ರ ಮಾರ್ಗಸೂಚಿಯೂ ಕಿವುಡು ಬಂದ ಎರಡು ವಾರಗಳೊಳಗೆ ಸ್ಟೀರಾಯ್ಡ್ ಜೊತೆಗೆ ಇದನ್ನು ನೀಡಬಹುದು ಎನ್ನುತ್ತದೆ. ಮೊದಲ ಚಿಕಿತ್ಸೆ ಫಲಿಸದಿದ್ದರೆ ಒಂದು ತಿಂಗಳೊಳಗೆ ಮಾತ್ರ ಅವಕಾಶ. 2012ರ ಕಾಕ್ರೇನ್ ಪರಾಮರ್ಶೆಯು ಹೊಸದಾಗಿ ಬಂದ ಕಿವುಡಿನಲ್ಲಿ ಸ್ವಲ್ಪ ಸುಧಾರಣೆಯನ್ನು ಗುರುತಿಸಿತು. ಹಳೆಯ ಕಿವುಡು ಮತ್ತು ಕಿವಿಮೊರೆತಕ್ಕೆ ಇದರಿಂದ ಲಾಭವೆಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ.

ಆದ್ದರಿಂದ ವರ್ಷಗಟ್ಟಲೆ ಕಾರ್ಖಾನೆಯ ಸದ್ದಿನಲ್ಲಿ ದುಡಿದು ಶ್ರವಣಶಕ್ತಿ ಕಳೆದುಕೊಂಡವರಿಗೆ ಈ ಚಿಕಿತ್ಸೆಯ ಆಸೆ ಹುಟ್ಟಿಸುವುದು ನ್ಯಾಯವಲ್ಲ. ಸತ್ತ ಕೋಶವನ್ನು ಆಮ್ಲಜನಕ ಬದುಕಿಸಲಾರದು. ಅಂಥವರಿಗೆ ಶ್ರವಣ ಸಾಧನವೇ ಹೆಚ್ಚು ಭರವಸೆಯ ಹಾದಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಬೇಕಾದ ಪರೀಕ್ಷೆಯೂ ಮಾರ್ಗದರ್ಶನವೂ ದೊರೆಯುತ್ತವೆ.

ಅಪಾಯಗಳೂ ಉಂಟು

ಒತ್ತಡದ ಏರುಪೇರಿನಿಂದ ಕಿವಿಯ ತಮಟೆಗೆ ಪೆಟ್ಟಾಗಬಹುದು. ಕೆಲಕಾಲ ದೂರದೃಷ್ಟಿ ಮಂಜಾಗಬಹುದು. ಅಪರೂಪಕ್ಕೆ ಸೆಳವು ಬರುವುದೂ ಉಂಟು. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡವರಿಗೆ ಮೊದಲು ಅದನ್ನು ಗುಣಪಡಿಸದೆ ಈ ಚಿಕಿತ್ಸೆ ನೀಡುವಂತಿಲ್ಲ. ಶುದ್ಧ ಆಮ್ಲಜನಕವಿರುವ ಕಡೆ ಕಿಡಿಯೊಂದು ಸಾಕು, ಬೆಂಕಿ ಹೊತ್ತಿಕೊಳ್ಳುತ್ತದೆ. ಹೀಗಾಗಿ ತರಬೇತಾದ ಸಿಬ್ಬಂದಿಯ ಉಸ್ತುವಾರಿ ಕಡ್ಡಾಯ.

ತಡ ಮಾಡಬೇಡಿ

ಭಾರಿ ಸದ್ದಿನ ಬಳಿಕ ಕಿವಿ ಮಂದವಾಗಿಯೇ ಉಳಿದರೆ ಮರುದಿನವೇ ತಜ್ಞರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಯಾವ ಚಿಕಿತ್ಸೆಗಾದರೂ ಮೊದಲ ಕೆಲವು ದಿನಗಳೇ ಅಮೂಲ್ಯ. ಕೇಳುವಿಕೆ ಮರಳಿತೆಂದು ಮೈಮರೆಯುವಂತೆಯೂ ಇಲ್ಲ. ಪರೀಕ್ಷೆಯಲ್ಲಿ ಕಿವಿ ಸರಿಯಾಗಿದೆಯೆಂದು ತೋರಿದ ಮೇಲೂ ನರದ ಬೆಸುಗೆಗಳು ಶಾಶ್ವತವಾಗಿ ನಾಶವಾಗಿರಬಹುದೆಂದು 2009ರಲ್ಲಿ ಇಲಿಗಳ ಮೇಲೆ ನಡೆದ ಅಮೆರಿಕದ ಸಂಶೋಧನೆ ತೋರಿಸಿದೆ.

85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯೇ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ಆಮ್ಲಜನಕದ ದುಬಾರಿ ಕೋಣೆಗಿಂತ ಕೆಲವೇ ರೂಪಾಯಿಗಳ ಕಿವಿಬೆಣೆ ಹೆಚ್ಚು ಕಿವಿಗಳನ್ನು ಉಳಿಸಬಲ್ಲದು.